ಚಳಿಗಾಲದಲ್ಲಿ ಗಲಾಟೆ ಇಲ್ಲದ ಬೌದ್ಧ ದೇವಸ್ಥಾನ ಎಲ್ಲುಂಟು? ಅಮ್ಮನನ್ನು ಕರ್ಕೊಂಡು ಹೋಗ್ಲಿಕ್ಕೆ

ಕಲ್ಸಂಕ_ಕ್ರಾಸ್ (ಉಡುಪಿ)

ನಮಸ್ಕಾರ. ಸ್ವಲ್ಪ ಉದ್ದದ ಪೋಸ್ಟು, ಬೇಜಾರು ಮಾಡ್ಕೊಳ್ಬೇಡಿ.

ನಮ್ಮಮ್ಮನಿಗೆ ಈಗ 68. ಅಪ್ಪ ಹೋದ ಮೇಲೆ ಎರಡು ವರ್ಷ ಆಯ್ತು, ಮನೆ ಬಿಟ್ಟು ಎಲ್ಲಿಗೂ ಹೊರಟವರಲ್ಲ. ಮೊನ್ನೆ ರಾತ್ರಿ ಊಟಕ್ಕೆ ಕೂತಾಗ ಇದ್ದಕ್ಕಿದ್ದ ಹಾಗೆ "ನಂಗೊಂದು ಬುದ್ಧನ ದೇವಸ್ಥಾನ ನೋಡ್ಬೇಕು ಮಾರಾಯ, ಸುಮ್ನೆ ಕೂತ್ಕೊಳ್ಳಿಕ್ಕೆ ಆಗುವಂಥದ್ದು" ಅಂದ್ರು. ಯಾಕೆ ಅಂತ ಕೇಳಿದ್ರೆ ಹೇಳುದಿಲ್ಲ, ಸಾರಿಗೆ ಉಪ್ಪು ಸಾಕಾ ಅಂತ ಮಾತು ತಿರುಗಿಸಿದ್ರು. ರಥಬೀದಿಯ ಹತ್ರ ಹುಟ್ಟಿ ಬೆಳೆದವರು, ಚೆಂಡೆ ಜಾಗಟೆ ವಾಲಗ ಎಲ್ಲ ಕಿವಿಯಲ್ಲೇ ಇಟ್ಕೊಂಡು ಬದುಕಿದವರು, ಅವ್ರಿಗೆ ಈಗ ಸದ್ದಿಲ್ಲದ ದೇವರು ಬೇಕಂತೆ.

ಟಿಬೆಟಿನವ್ರ ಕ್ಯಾಂಪು ಇರುವ ಬೈಲುಕುಪ್ಪೆಗೆ ಹೋಗಿ ಅಂತ ಎಲ್ರೂ ಹೇಳ್ತೀರಿ, ಗೊತ್ತುಂಟು. ಅದಕ್ಕೇ ಈ ಪೋಸ್ಟು. ಅಪ್ಪ ಇದ್ದಾಗ ಒಂದ್ಸಲ ಕ್ರಿಸ್ಮಸ್ ರಜೆಯಲ್ಲಿ ಟೆಂಪೋ ಟ್ರಾವೆಲರ್ ಪ್ಯಾಕೇಜ್ ಮಾಡ್ಕೊಂಡು ಹೋಗಿದ್ವಿ, ಒಂದೇ ದಿನದಲ್ಲಿ ಅಬ್ಬಿ ಫಾಲ್ಸು, ರಾಜಾಸೀಟು, ನಿಸರ್ಗಧಾಮ, ಗೋಲ್ಡನ್ ಟೆಂಪಲ್ಲು. ಅಲ್ಲಿ ಇಳಿಸಿ "ನಲ್ವತ್ತು ನಿಮಿಷ ಆಯ್ತಾ, ಲೇಟಾದ್ರೆ ಬಿಟ್ಟು ಹೋಗ್ತೇವೆ" ಅಂದ್ರು ಡ್ರೈವರ್. ಒಳಗೆ ಹೋದ್ರೆ ಜಾತ್ರೆ, ಎಲ್ರ ಕೈಯೂ ಮೇಲೆ, ಕೈಯಲ್ಲೆಲ್ಲ ಮೊಬೈಲು. ಅಮ್ಮ ಒಂದು ಕಂಬದ ಬುಡದಲ್ಲಿ ಕೂತಿದ್ರು, ಯಾರೋ ಸೆಲ್ಫಿ ಸ್ಟಿಕ್ ಹಿಡ್ಕೊಂಡು ಹಿಂದೆ ಹಿಂದೆ ಬಂದು ಅವ್ರ ಬ್ಯಾಗ್ ಮೇಲೆ ಕಾಲಿಟ್ರು, ಒಳಗಿದ್ದ ಕನ್ನಡಕ ಎರಡು ತುಂಡು. ವಾಪಸ್ ಬರುವಾಗ ಸಂಪಾಜೆ ಘಾಟಿಯಲ್ಲಿ ಅವ್ರಿಗೆ ವಾಂತಿ ಬೇರೆ. ಮತ್ತೆ ಅಲ್ಲಿಗೇ ಕರ್ಕೊಂಡು ಹೋಗ್ಲಿಕ್ಕೆ ನಂಗೇ ಮನಸ್ಸಿಲ್ಲ.

ಹೊರಡುದಾದ್ರೆ ಡಿಸೆಂಬರ್ ಒಳಗೆ ಅಥವಾ ಜನವರಿ ಸುರುವಿಗೆ. ಈ ಸಲ ಜನವರಿ 18ಕ್ಕೆ ಕೃಷ್ಣಮಠದ ಪರ್ಯಾಯ ಉತ್ಸವ ಉಂಟಲ್ಲ, ವಾರ ಮೊದ್ಲೇ ಮನೆ ತುಂಬ ನೆಂಟರು, ಆಮೇಲೆ ಅಲ್ಲಾಡ್ಲಿಕ್ಕೆ ಆಗುದಿಲ್ಲ. ಅಮ್ಮನಿಗೆ ಮಂಡಿ ನೋವು, ಮೆಟ್ಟಿಲು ಜಾಸ್ತಿ ಇರ್ಬಾರ್ದು. ನಿಜವಾಗ್ಲೂ ಸುಮ್ನೆ ಕೂರ್ಲಿಕ್ಕೆ ಆಗುವ ಜಾಗ ಯಾರಿಗಾದ್ರೂ ಗೊತ್ತಿದ್ರೆ ಹೇಳಿ.


ಗಡ್‌ಬಡ್_ಪ್ರಿಯ

ಮೊದ್ಲು ಒಂದು ಡೌಟು, ಉಡುಪಿಯಲ್ಲಿ ಚಳಿಗಾಲ ಅಂತ ಒಂದು ಉಂಟಾ? ನಮ್ಮಲ್ಲಿ ಫ್ಯಾನು ನಾಲ್ಕರಿಂದ ಮೂರಕ್ಕೆ ಬಂದ್ರೆ ಅದೇ ಚಳಿಗಾಲ 😄 ಅಮ್ಮನಿಗೆ ಸ್ವೆಟರ್ ತಗೊಳ್ಳಿ, ಮೇಲೆ ಘಾಟಿ ಹತ್ತಿದ ಮೇಲೆ ನೆನಪಾದ್ರೆ ಪ್ರಯೋಜನ ಇಲ್ಲ. ಜಾಗದ ಬಗ್ಗೆ ನಂಗೆ ಗೊತ್ತಿಲ್ಲ, ಗೊತ್ತಿದ್ದವ್ರು ಬರ್ತಾರೆ, ನಾನು ಕೂತು ಓದ್ತೇನೆ.


ಸಂಪಾಜೆ_ತಿರುವು (ಸುಳ್ಯ)

ನೀವು ಹೋದ ದಿನ ತಪ್ಪು ಮಾರಾಯ್ರೆ, ಜಾಗ ತಪ್ಪಲ್ಲ. ಕ್ರಿಸ್ಮಸ್ ವಾರದಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಹೋದ್ರೆ ಹಿಮಾಲಯದ ಗುಹೆಯಲ್ಲೂ ಜನ ಇರ್ತಾರೆ.

ನಾನು ಕೆಲಸದ ಮೇಲೆ ತಿಂಗಳಿಗೆರಡು ಸಲ ಆ ಕಡೆ ಹೋಗುವವ. ನನ್ನ ಲೆಕ್ಕ ಹೀಗೆ. ಮಂಗಳವಾರವೋ ಬುಧವಾರವೋ ಬೆಳಿಗ್ಗೆ ಉಡುಪಿ ಬಿಡಿ, ಮಂಗಳೂರು, ಪುತ್ತೂರು, ಸುಳ್ಯ, ಸಂಪಾಜೆ, ಮಡಿಕೇರಿ, ಕುಶಾಲನಗರ. ಒಟ್ಟು 220 ಕಿ.ಮೀ. ಆಸುಪಾಸು ಆಗ್ತದೆ, ಆದ್ರೆ ಕಿಲೋಮೀಟರ್ ನೋಡ್ಬೇಡಿ, ಘಾಟಿ ಉಂಟು, ಅಮ್ಮನಿಗೆ ವಾಂತಿ ಆಗ್ತದೆ ಅಂತ ನೀವೇ ಹೇಳಿದ್ರಿ, ಸುಳ್ಯದಲ್ಲಿ ಒಂದು ನಿಲ್ಸಿ, ಮಡಿಕೇರಿಯಲ್ಲಿ ಒಂದು ನಿಲ್ಸಿ, ಘಾಟಿಗೆ ಮೊದ್ಲು ಹೊಟ್ಟೆ ತುಂಬ ತಿನ್ನಿಸ್ಬೇಡಿ, ಮುಂದಿನ ಸೀಟಲ್ಲಿ ಕೂರ್ಸಿ, ಒಂದು ನಿಂಬೆಹಣ್ಣು ಕೈಯಲ್ಲಿ ಕೊಡಿ. ಅವತ್ತು ಕುಶಾಲನಗರದಲ್ಲೇ ಉಳ್ಕೊಳ್ಳಿ. ಬೈಲುಕುಪ್ಪೆ ಅಲ್ಲಿಂದ ಐದಾರು ಕಿಲೋಮೀಟರ್ ಅಷ್ಟೆ, ಕಾವೇರಿ ಸಂಕ ದಾಟಿದ್ರೆ ಮೈಸೂರು ಜಿಲ್ಲೆ.

ಮರುದಿನ ಬೆಳಿಗ್ಗೆ ಟೂರಿಸ್ಟ್ ಬಸ್ಸು ಬರುವ ಮೊದ್ಲು ಹೋಗಿ ನೋಡಿ. ಡಿಸೆಂಬರಲ್ಲಿ ಆ ಹೊತ್ತಿಗೆ ಮಂಜು ನೆಲದಲ್ಲೇ ಕೂತಿರ್ತದೆ, ಚಿನ್ನದ ಬಣ್ಣದ ಮಾಡು ಮಾತ್ರ ಮೇಲೆ ತೇಲ್ತಾ ಇರುವ ಹಾಗೆ ಕಾಣ್ತದೆ. ಸಣ್ಣ ಸಣ್ಣ ಮರಿ ಸನ್ಯಾಸಿಗಳು ಕೆಂಪು ಬಟ್ಟೆ ಸುತ್ಕೊಂಡು ಕೈ ಒಳಗೆ ಸೇರ್ಸಿ ಓಡ್ತಾ ಇರ್ತಾರೆ, ನಮ್ಮ ಮಕ್ಕಳು ಶಾಲೆ ಬೆಲ್ಲಿಗೆ ಓಡುವ ಹಾಗೇ. ಪೂಜೆ ಇದ್ರೆ ಆ ಉದ್ದದ ಕಹಳೆ ಕೇಳಿಸ್ತದೆ, ಒಂದು ಆಳುದ್ದಕ್ಕಿಂತಲೂ ಉದ್ದ ಇರ್ತದೆ, ಮುಂದಿನ ತುದಿ ನೆಲಕ್ಕೆ ಊರಿರ್ತಾರೆ. ಅದರ ಸದ್ದು ಕಿವಿಗಲ್ಲ, ಕೂತ ಕಡೆ ನೆಲದಿಂದ ಬರ್ತದೆ. ಸದ್ದಿಲ್ಲದ ದೇವರು ಬೇಕು ಅಂದವ್ರಿಗೆ ಇದನ್ನು ಮೊದ್ಲೇ ಹೇಳಿಡಿ, ಆಮೇಲೆ ನಂಗೆ ಬೈಬೇಡಿ 🙏


ಹಾರಂಗಿ_ನೀರು (ಕುಶಾಲನಗರ)

ಲೋಕಲ್ ಆಗಿ ಒಂದು ಮಾತು ಹೇಳ್ತೀನಿ. ಎಲ್ಲರೂ ಗೋಲ್ಡನ್ ಟೆಂಪಲ್ ಅನ್ನೋದು ನಾಮ್ಡ್ರೋಲಿಂಗ್ ಮಠದ ಒಂದು ಭಾಗ ಅಷ್ಟೇ. ಮಠ ಶುರುವಾಗಿದ್ದು 1963ರಲ್ಲಿ, ಪೆನೋರ್ ರಿಂಪೋಚೆ ಅನ್ನೋ ಟಿಬೆಟನ್ ಗುರು ಶುರು ಮಾಡಿದ್ದು. ಚಿನ್ನದ ಬಣ್ಣದ ಬುದ್ಧ, ಪದ್ಮಸಂಭವ, ಅಮಿತಾಯುಸ್ ಮೂರು ದೊಡ್ಡ ಮೂರ್ತಿ ಇರೋ ಈ ದೇವಸ್ಥಾನ ಉದ್ಘಾಟನೆ ಆಗಿದ್ದು 1999ರಲ್ಲಿ. ಬಸ್ಸುಗಳು ಇಲ್ಲಿಗೆ ಮಾತ್ರ ಬರ್ತವೆ, ನೋಡ್ತಾರೆ, ಎದುರಿನ ಶಾಪಿಂಗ್ ಕಾಂಪ್ಲೆಕ್ಸಲ್ಲಿ ಮೊಮೊ ತಿಂತಾರೆ, ಹೋಗ್ತಾರೆ. ಅಲ್ಲಿಂದ ಆಟೋ ಮಾಡ್ಕೊಂಡು ಸೆರಾ ಮಠಕ್ಕೆ ಹೋಗಿ ಅಥವಾ ತಾಶಿ ಲುನ್ಪೊಗೆ ಹೋಗಿ, ಅದೇ ಬೈಲುಕುಪ್ಪೆ, ಅದೇ ಬುದ್ಧ, ಜನ ಹತ್ತರಲ್ಲಿ ಒಂದು ಪಾಲೂ ಇರಲ್ಲ. ಪ್ರಾರ್ಥನಾ ಮಂದಿರ ತೆಗೆದಿದ್ರೆ ಚಪ್ಪಲಿ ಬಿಟ್ಟು ಒಳಗೆ ಹೋಗಿ ಗೋಡೆ ಪಕ್ಕ ಕೂತ್ಕೊಳಿ, ಯಾರೂ ಯಾಕೆ ಅಂತ ಕೇಳಲ್ಲ. ಸಾಲಾಗಿ ಹಾಕಿರೋ ದಿಂಬು ಹಾಸು ಸನ್ಯಾಸಿಗಳದ್ದು, ಅದರ ಮೇಲೆ ಮಾತ್ರ ಕೂರಬೇಡಿ. ಕಾಲು ಮೂರ್ತಿ ಕಡೆ ಚಾಚಬಾರದು, ಅಮ್ಮಂಗೆ ಮಂಡಿ ನೋವು ಅಂದ್ರಲ್ಲ, ಒಂದು ಮಡಚೋ ಸ್ಟೂಲ್ ಇಟ್ಕೊಳಿ.

ಸೆರಾಗೆ ಹೋದ್ರೆ ಸಾಯಂಕಾಲದ ವಾದ ನೋಡೋಕೆ ಸಿಗಬಹುದು. ಅಂಗಳದಲ್ಲಿ ಒಬ್ಬ ಕೂತಿರ್ತಾನೆ, ಇನ್ನೊಬ್ಬ ನಿಂತು ಪ್ರಶ್ನೆ ಹಾಕ್ತಾನೆ, ಪ್ರಶ್ನೆ ಮುಗಿಸುವಾಗ ಎಡಗಾಲು ನೆಲಕ್ಕೆ ಅಪ್ಪಳಿಸಿ ಪಟಾರ್ ಅಂತ ಚಪ್ಪಾಳೆ. ಜಗಳ ಅನ್ಕೋಬೇಡಿ, ಅವರಿಗೆ ಅದು ಪಾಠ. ನಿಮ್ಮ ಕಡೆ ತಾಳಮದ್ದಳೆ ನೋಡಿದವರಿಗೆ ಇದೇನು ಹೊಸದಲ್ಲ ಬಿಡಿ, ಅರ್ಥ ಆಗಲ್ಲ ಅಷ್ಟೇ.

ಚಳಿಗಾಲದಲ್ಲಿ ಟಿಬೆಟನ್ನರ ಕ್ಯಾಂಪುಗಳೇ ಒಂಥರ ಖಾಲಿ ಇರ್ತವೆ, ಅದು ಹೊರಗಿನವರಿಗೆ ಗೊತ್ತಿರಲ್ಲ. ದೀಪಾವಳಿ ಆಸುಪಾಸಲ್ಲಿ ಎಷ್ಟೋ ಮನೆಯವರು ಸ್ವೆಟರ್ ವ್ಯಾಪಾರಕ್ಕೆ ಊರೂರು ಹೊರಟುಬಿಡ್ತಾರೆ. ನೀವು ಪೇಟೆಗಳಲ್ಲಿ ಟೆಂಟ್ ಹಾಕ್ಕೊಂಡು ಸ್ವೆಟರ್ ಮಾರೋರನ್ನ ನೋಡಿರ್ತೀರಲ್ಲ, ಅವರಲ್ಲಿ ಎಷ್ಟೋ ಜನ ನಮ್ಮೂರ ಪಕ್ಕದವರು. ಉಳಿಯೋದು ಅಜ್ಜ ಅಜ್ಜಿಯರು. ಮುಸುಕಿನ ಜೋಳ ಕಟಾವಾಗಿರತ್ತೆ, ಹೊಲ ಖಾಲಿ, ಅಜ್ಜಿಯರು ಬಿಸಿಲಲ್ಲಿ ಕೂತ್ಕೊಂಡು ಜಪಮಣಿ ಎಣಿಸ್ತಾ ಇರ್ತಾರೆ. 1960ರಲ್ಲಿ ಆಗಿನ ಮೈಸೂರು ಸರ್ಕಾರ ಸುಮಾರು 3,000 ಎಕರೆ ಕಾಡು ಕೊಟ್ಟಿತ್ತು ಇವರಿಗೆ, ಬಂದ ಹೊಸದರಲ್ಲಿ ಕಾಡು ಕಡಿದಿದ್ದು, ಆನೆ ಕಾಟ, ಎಲ್ಲ ಆ ತಲೆಮಾರಿನವರು ಕಂಡಿದ್ದು. ಕನ್ನಡ ಚೆನ್ನಾಗೇ ಮಾತಾಡ್ತಾರೆ ಕೆಲವರು. ನಿಮ್ಮಮ್ಮ ಪಕ್ಕದಲ್ಲಿ ಹೋಗಿ ಕೂತ್ರೆ ಸಾಕು.


ಮುರಕಲ್ಲು (ಮಂಗಳೂರು)

220 ಕಿಲೋಮೀಟರ್, ಘಾಟಿ, ವಾಂತಿ, ನಿಂಬೆಹಣ್ಣು... ಇದೆಲ್ಲ ಓದಿ ನಂಗೆ ನಗು ಬಂತು, ಯಾಕಂದ್ರೆ ಬೌದ್ಧ ವಿಹಾರ ನಮ್ಮ ಕದ್ರಿಯಲ್ಲೇ ಇತ್ತು. ಉಡುಪಿಯಿಂದ ಎಕ್ಸ್‌ಪ್ರೆಸ್ ಬಸ್ಸಲ್ಲಿ ಬಂದ್ರೆ ಒಂದೂವರೆ ಗಂಟೆಯ ದಾರಿ.

ಹೌದು, ಕದ್ರಿ ಮಂಜುನಾಥ ದೇವಸ್ಥಾನವೇ. ಒಳಗೆ ಪ್ರದಕ್ಷಿಣೆ ಬರುವಾಗ ಕಂಚಿನ ಮೂರ್ತಿಗಳು ಉಂಟು, ನೂರಕ್ಕೆ ತೊಂಬತ್ತು ಜನ ಕೈ ಮುಗಿದು ಹಾಗೇ ಮುಂದೆ ಹೋಗ್ತಾರೆ. ಅದರಲ್ಲಿ ಪದ್ಮಾಸನ ಹಾಕಿ ಕೂತ ಒಂದು ದೊಡ್ಡ ಮೂರ್ತಿ, ಐದಡಿ ಹತ್ರ ಉಂಟು, ಮೂರು ಮುಖ, ಆರು ಕೈ. ಮೂರು ಮುಖ ನೋಡಿ ಬ್ರಹ್ಮ ಅಂದ್ಕೊಳ್ಳುವವರೂ ಇದ್ದಾರೆ. ಅದು ಲೋಕೇಶ್ವರ, ಅಂದ್ರೆ ಬೌದ್ಧರ ಅವಲೋಕಿತೇಶ್ವರ, ಕರುಣೆಯ ಬೋಧಿಸತ್ವ. ಪೀಠದಲ್ಲಿ ಸಂಸ್ಕೃತದಲ್ಲಿ ಬರೆದದ್ದುಂಟು, ಆಳುಪ ರಾಜ ಕುಂದವರ್ಮ ಕದರಿಕಾ ಅನ್ನುವ ವಿಹಾರದಲ್ಲಿ ಲೋಕೇಶ್ವರನನ್ನು ಪ್ರತಿಷ್ಠೆ ಮಾಡಿದ, ಕಲಿವರ್ಷ 4068 ಅಂತ. ನಮ್ಮ ಲೆಕ್ಕಕ್ಕೆ ಕ್ರಿ.ಶ. 968. ಅಂದ್ರೆ ಅಮ್ಮ ಹುಟ್ಟಿದ ರಥಬೀದಿಯಲ್ಲಿ ಮಧ್ವಾಚಾರ್ಯರು ಕೃಷ್ಣನನ್ನು ತಂದು ನಿಲ್ಲಿಸುವುದಕ್ಕಿಂತ ಮುನ್ನೂರು ವರ್ಷ ಮೊದ್ಲು.

ನಾನು ಕಾಲೇಜಿನಲ್ಲಿರುವಾಗ ಪರೀಕ್ಷೆಗೆ ಮೊದ್ಲು ಹೋಗಿ ಕೈಮುಗಿದು ಬರ್ತಿದ್ದೆ, ಇದು ಯಾರು ಅಂತ ಗೊತ್ತಾದದ್ದು ಮೂವತ್ತೈದು ವಯಸ್ಸಾದ ಮೇಲೆ. ಗೊತ್ತಾದ ಮೇಲೆ ಒಂದು ದಿನ ಅರ್ಧ ಗಂಟೆ ನಿಂತು ನೋಡಿದೆ. ದೀಪದ ಬೆಳಕು ಮೂಗಿನ ಒಂದು ಬದಿಗೆ ಮಾತ್ರ ಬೀಳ್ತಿತ್ತು. ಕಣ್ಣು ಅರ್ಧ ಮುಚ್ಚಿದ ಹಾಗೆ, ನಮ್ಮನ್ನು ನೋಡುದೂ ಅಲ್ಲ, ನೋಡದೇ ಇರುದೂ ಅಲ್ಲ. ನಮ್ಮ ಊರಿನ ಬೇರೆ ದೇವರೆಲ್ಲ ನೆಟ್ಟಗೆ ನೋಡ್ತಾರೆ, ಎಂತ ಬೇಕು ಅಂತ ಕೇಳುವ ಹಾಗೆ. ಇವ ಹಾಗಲ್ಲ.

ಬರುದಾದ್ರೆ ವಾರದ ದಿನ ಬೆಳಿಗ್ಗೆ ಬೇಗ ಬನ್ನಿ, ಸೋಮವಾರ ಬೇಡ, ಶಿವನ ವಾರ ರಶ್ ಇರ್ತದೆ. ಮಕರ ಸಂಕ್ರಾಂತಿಗೆ ಜಾತ್ರೆ ಸುರುವಾಗ್ತದೆ, ಅದಕ್ಕೆ ಮೊದ್ಲು ಮುಗಿಸಿ. ದೇವಸ್ಥಾನದ ಅಂಗಳದ ತನಕ ಗಾಡಿ ಬರ್ತದೆ, ಮಂಡಿಗೆ ತೊಂದ್ರೆ ಇಲ್ಲ. ಹಿಂದೆ ಗೋಮುಖದ ನೀರು, ಕೆರೆಗಳು, ಅಲ್ಲಿ ಒಂದು ಕಟ್ಟೆಯಲ್ಲಿ ಕೂತ್ರೆ ನೀರಿನ ಸದ್ದು ಮಾತ್ರ. ಗುಡ್ಡದ ಮೇಲೆ ಜೋಗಿ ಮಠ, ಪಾಂಡವರ ಗುಹೆ ಅಂತ ಮುರಕಲ್ಲಿನಲ್ಲಿ ಕೊರೆದ ಗವಿಗಳು ಉಂಟು, ಅದಕ್ಕೆ ಮೆಟ್ಟಿಲು, ಅಮ್ಮನಿಗೆ ಬೇಡ, ನೀವೊಬ್ರೇ ಹೋಗಿ ಬನ್ನಿ.


ತೆಂಕಪೇಟೆ_77

ಮುರಕಲ್ಲು ಅವರೇ, ಸುಮ್ಮನೆ ಹೊಸ ಕತೆ ಕಟ್ಬೇಡಿ. ಕದ್ರಿ ಶಿವ ದೇವಸ್ಥಾನ. ನಾವು ಸಣ್ಣದಿರುವಾಗಿಂದ ಹೋಗ್ತಾ ಇದ್ದೇವೆ, ಅಲ್ಲಿ ರುದ್ರಾಭಿಷೇಕ ಆಗ್ತದೆ. ಈಗ ಎಲ್ಲದಕ್ಕೂ ಬೌದ್ಧ ಅಂತ ಹೇಳುದು ಒಂದು ಫ್ಯಾಷನ್ ಆಗಿದೆ.


ಮುರಕಲ್ಲು (ಮಂಗಳೂರು)

ಶಿವ ದೇವಸ್ಥಾನ ಅಲ್ಲ ಅಂತ ನಾನೆಲ್ಲಿ ಹೇಳಿದೆ ಮಾರಾಯ್ರೆ? ಮಂಜುನಾಥನಿಗೆ ಕೈಮುಗಿದೇ ನಾನು ಈ ಬದಿಗೆ ಬರುದು. ನಿಮ್ಮ ಪಕ್ಷಕ್ಕೇ ಒಂದು ಪಾಯಿಂಟ್ ಕೊಡ್ತೇನೆ ತಗೊಳ್ಳಿ: ಅದೇ ಶಾಸನದಲ್ಲಿ ಕುಂದವರ್ಮ ತನ್ನನ್ನು ಶಿವನ ಪಾದಕಮಲದ ದುಂಬಿ ಅಂತ ಕರ್ಕೊಳ್ತಾನೆ. ಶಿವಭಕ್ತ ರಾಜ, ಪ್ರತಿಷ್ಠೆ ಮಾಡಿದ್ದು ಲೋಕೇಶ್ವರನನ್ನು, ಜಾಗದ ಹೆಸರು ವಿಹಾರ. ಅವನಿಗೇ ತೊಂದ್ರೆ ಆಗ್ಲಿಲ್ಲ, ಸಾವಿರ ವರ್ಷ ಆದ ಮೇಲೆ ನಮಗೆ ಮಂಡೆಬಿಸಿ.

ಮಂಜುನಾಥ ಅನ್ನುವ ಹೆಸರೇ ಬೌದ್ಧರ ಮಂಜುಘೋಷನಿಂದ ಬಂದದ್ದು ಅಂತ ಮಂಜೇಶ್ವರದ ಗೋವಿಂದ ಪೈಗಳು ವಾದ ಮಾಡಿದ್ರು. ಒಪ್ಪದ ವಿದ್ವಾಂಸರೂ ಇದ್ದಾರೆ, ಆ ಹೊತ್ತಿಗೆ ಇಲ್ಲಿ ಶೈವ ಯೋಗಿಗಳ ನಾಥಪಂಥ ಬಂದಾಗಿತ್ತು, ಲೋಕೇಶ್ವರ ಅಂದ್ರೆ ಆ ಪಂಥದ ಗುರು ಮತ್ಸ್ಯೇಂದ್ರನಾಥನನ್ನೇ ಹೇಳಿದ್ದು ಅನ್ನುವವರೂ ಉಂಟು. ನಾಥರು ಅಂತೂ ಈಗಲೂ ಇದ್ದಾರೆ, ಹನ್ನೆರಡು ವರ್ಷಕ್ಕೊಮ್ಮೆ ತ್ರ್ಯಂಬಕೇಶ್ವರದಿಂದ ಝುಂಡಿ, ಅಂದ್ರೆ ನಾಥ ಸಾಧುಗಳ ಗುಂಪು, ನಡ್ಕೊಂಡು ಬಂದು ಕದ್ರಿ ಮಠಕ್ಕೆ ಹೊಸ ಜೋಗಿ ಅರಸನನ್ನು ಕೂರ್ಸ್ತದೆ, 2016ರಲ್ಲಿ ಬಂದಿತ್ತು, ನಾನು ರಸ್ತೆ ಬದಿ ನಿಂತು ನೋಡಿದ್ದೇನೆ. ಶೈವ, ಬೌದ್ಧ, ನಾಥ ಎಲ್ಲ ಒಂದೇ ಗುಡ್ಡದಲ್ಲಿ. ಜಗಳ ಬೇಕಾದ್ರೆ ಬೇರೆ ಥ್ರೆಡ್ ಸುರು ಮಾಡಿ, ಇಲ್ಲಿ ಇವ್ರ ಅಮ್ಮನ ವಿಷಯ.


ತೆಂಕಪೇಟೆ_77

ಶಿವಭಕ್ತ ಅಂತ ಬರೆದಿದೆಯಲ್ಲ, ಅಷ್ಟು ಸಾಕು ನಂಗೆ 😊


ಮಾರಿಗುಡಿ_ಬೀದಿ (ಶಿರಸಿ)

ನಮ್ಮ ಬದಿ ಮುಂಡಗೋಡನ್ನ ಎಲ್ಲರೂ ಮರ್ತೇ ಹೋಗ್ತ್ರಿ. 1966ರಲ್ಲಿ ಆದ ಟಿಬೆಟನ್ ಕ್ಯಾಂಪು, ಡ್ರೆಪುಂಗ್ ಮತ್ತೆ ಗಾದೆನ್ ಎರಡೂ ದೊಡ್ಡ ಮಠ ಅಲ್ಲೇ ಇದ್ದು. ಟೂರಿಸ್ಟ್ ಬಸ್ಸಿನ ಕಾಟ ಬೈಲುಕುಪ್ಪೆಯಷ್ಟು ಇಲ್ಲೆ. ಉಡುಪಿಯಿಂದ 250 ಕಿ.ಮೀ. ಆಸುಪಾಸು, ಕುಮಟಾ ತನಕ ಹೈವೇ, ಆಮೇಲೆ ದೇವಿಮನೆ ಘಾಟಿ ಹತ್ತಿ ಶಿರಸಿ, ಅಲ್ಲಿಂದ ಮುಂಡಗೋಡ. ಶಿರಸಿಯಲ್ಲಿ ಒಂದಿನ ಉಳ್ಕಂಡ್ರೆ ಅಮ್ಮಂಗೆ ಸುಸ್ತಾಗ್ತಿಲ್ಲೆ. ಬೆಳಿಗ್ಗೆ ಚಳಿ ಮಾತ್ರ ಖಡಕ್, ಟೊಪ್ಪಿ ಬೇಕು. ವಿದೇಶದ ನೆಂಟರನ್ನ ಯಾರನ್ನಾದ್ರೂ ಕರ್ಕಂಡು ಬರ್ತ್ರಿ ಅಂದ್ರೆ ಅವ್ರಿಗೆ ಪರ್ಮಿಟ್ ಬೇಕು, ಬೈಲುಕುಪ್ಪೆಗೂ ಹಾಗೇಯಾ. ನಮ್ಮ ನಿಮ್ಮಂಥವ್ರಿಗೆ ಎಂತದೂ ಬ್ಯಾಡ.


ಗಡ್‌ಬಡ್_ಪ್ರಿಯ

ಕಲ್ಸಂಕದವ್ರು ಎಲ್ಲಿ ಕಾಣೆ? ಹೋದ್ರಾ ಇಲ್ವಾ? ಮೂರು ವಾರ ಆಯ್ತು.


ಕಲ್ಸಂಕ_ಕ್ರಾಸ್ (ಉಡುಪಿ)

ಬಂದೆ ಬಂದೆ. ಎರಡೂ ಕಡೆ ಹೋಗಿ ಬಂದ್ವಿ, ಎಲ್ರಿಗೂ ದೊಡ್ಡ ನಮಸ್ಕಾರ.

ಮೊದ್ಲು ಬೈಲುಕುಪ್ಪೆ. ಮಂಗಳವಾರ ಹೊರಟು ಬುಧವಾರ ಬೆಳಿಗ್ಗೆ ಏಳೂವರೆಗೆ ಅಲ್ಲಿದ್ವಿ. ನಿಂಬೆಹಣ್ಣು ಕೆಲಸ ಮಾಡಿತು, ವಾಂತಿ ಇಲ್ಲ. ಮಂಜು ಸಂಪಾಜೆಯವ್ರು ಹೇಳಿದ ಹಾಗೇ ಇತ್ತು, ಆದ್ರೆ ಒಂಬತ್ತಕ್ಕೆಲ್ಲ ಮೊದಲ ಬಸ್ಸು ಬಂತು, ಮಕ್ಕಳ ಟೂರು, ಸೀಟಿ, ಸಾಲು. ಅಮ್ಮ ನನ್ನ ಮುಖ ನೋಡಿದ್ರು. ಸೀದಾ ಆಟೋ ಹಿಡಿದು ಸೆರಾ ಕಡೆ ಹೋದ್ವಿ. ಅಲ್ಲಿ ಒಂದು ಮಂದಿರದ ಹೊರಗೆ ಜಗಲಿಯಲ್ಲಿ ಸಾಲಾಗಿ ಪ್ರಾರ್ಥನಾ ಚಕ್ರ, ಒಬ್ರು ಅಜ್ಜಿ ತಿರುಗಿಸ್ತಾ ಬರ್ತಿದ್ರು, ಅಮ್ಮನೂ ಹಿಂದಿಂದ ಸುರು ಮಾಡಿದ್ರು. ಪ್ರದಕ್ಷಿಣೆ ನಮ್ಮ ಹಾಗೇ ಬಲಕ್ಕೆ, ಅದ್ರಿಂದ ಅವ್ರಿಗೆ ಏನೂ ಕಷ್ಟ ಆಗ್ಲಿಲ್ಲ. ಚಕ್ರದ ಹಿತ್ತಾಳೆ ಹಿಡಿ ಸವೆದು ಸವೆದು ನಡುವಲ್ಲಿ ಸಪೂರ ಆಗಿತ್ತು, ಬೆಳಿಗ್ಗೆಯ ಚಳಿಗೆ ಮುಟ್ಟಿದ್ರೆ ಐಸು. ಮೂರು ಸುತ್ತು ಆದ ಮೇಲೆ ಇಬ್ರೂ ಬಿಸಿಲಿಗೆ ಕಟ್ಟೆಯಲ್ಲಿ ಕೂತ್ರು. ಆ ಅಜ್ಜಿಗೆ ಕನ್ನಡ ಅಷ್ಟಿಷ್ಟು ಬರ್ತಿತ್ತು. ಚಕ್ರದಲ್ಲಿ ಬರೆದದ್ದು ಎಂತ ಅಂತ ಅಮ್ಮ ಕೇಳಿದ್ರು. "ಓಂ ಮಣಿ ಪದ್ಮೇ ಹೂಂ" ಅಂದ್ರು ಅಜ್ಜಿ. ಯಾವ ದೇವರದ್ದು ಅಂದ್ರೆ "ಚೆನ್ರೆಸಿ, ಚೆನ್ರೆಸಿ" ಅಂದು ನಾಲ್ಕು ಬೆರಳು ತೋರ್ಸಿ ತನ್ನ ಕೈ ಮುಟ್ಟಿ ತೋರ್ಸಿದ್ರು. ನಾಲ್ಕು ಕೈ ಅಂತ ನಂಗೆ ಆಮೇಲೆ ಹೊಳೆದದ್ದು. ಒಳಗೆ ಹೋಗಿ ಅಮ್ಮ ಮುಕ್ಕಾಲು ಗಂಟೆ ಕೂತ್ರು. ನಾನು ಹೊರಗೆ ಚಾ ಕುಡಿದೆ, ಉಪ್ಪು ಬೆಣ್ಣೆ ಹಾಕಿದ ಚಾ, ನಂಗೆ ಅದು ಚಾ ಅಂತ ಅನ್ನಿಸ್ಲೇ ಇಲ್ಲ, ಸಾರಿನ ಹಾಗೆ.

ರೂಮಿಗೆ ಬಂದು ಮೊಬೈಲಲ್ಲಿ ನೋಡಿದೆ. ಚೆನ್ರೆಸಿ ಅಂದ್ರೆ ಟಿಬೆಟಿನವ್ರು ಅವಲೋಕಿತೇಶ್ವರನಿಗೆ ಹೇಳುವ ಹೆಸರು. ಮುರಕಲ್ಲು ಅವರೇ, ನಿಮ್ಮ ಕದ್ರಿಯ ಲೋಕೇಶ್ವರ! ನೀವು ಯಾಕೆ ಇದೊಂದು ಹೇಳ್ಲಿಲ್ಲ?

ವಾಪಸ್ ಬರುವಾಗ ಅಮ್ಮನೇ "ಮಂಗಳೂರಲ್ಲಿ ಒಂದು ರಾತ್ರಿ ತಂಗಿ ಮನೆಯಲ್ಲಿ ಉಳಿಯುವ" ಅಂದ್ರು. ಶುಕ್ರವಾರ ಬೆಳಿಗ್ಗೆ ಕದ್ರಿ. ಅಮ್ಮ ಮದುವೆ ಆದ ಹೊಸದರಲ್ಲಿ ಅಪ್ಪನ ಜೊತೆ ಅಲ್ಲಿಗೆ ಬಂದವ್ರಂತೆ, ಅದು ನಂಗೆ ಅವತ್ತೇ ಗೊತ್ತಾದದ್ದು. ಲೋಕೇಶ್ವರನ ಎದುರು ನಿಂತು ಬೆರಳು ಮಡಚಿ ಕೈ ಎಣಿಸಿದ್ರು, ಆರು. "ಅಲ್ಲಿ ನಾಲ್ಕು, ಇಲ್ಲಿ ಆರು, ಎರಡು ಜಾಸ್ತಿ ಉಂಟು" ಅಂದ್ರು. ಆಮೇಲೆ ಬಾಯಲ್ಲೇ ಏನೋ ಪಿಸುಗುಟ್ಟಿದ್ರು. ಕಿವಿ ಕೊಟ್ಟು ಕೇಳಿದೆ, ಓಂ ಮಣಿ ಪದ್ಮೇ ಹೂಂ, ಅಲ್ಲಿನ ಅಜ್ಜಿ ಹೇಳಿದ ರಾಗದಲ್ಲೇ. ಪಕ್ಕದಲ್ಲಿ ನಿಂತಿದ್ದವ್ರೊಬ್ರು ತಿರುಗಿ ನೋಡಿದ್ರು, ತೆಂಕಪೇಟೆಯವ್ರು ನೀವಲ್ಲ ತಾನೇ? 😄

ಗೋಮುಖದ ಹತ್ರ ಕಟ್ಟೆಯಲ್ಲಿ ಕೂತಿದ್ವಿ ಹತ್ತೂವರೆ ತನಕ. ಅಪ್ಪ ಅವತ್ತು ಇದೇ ನೀರಲ್ಲಿ ಚಪ್ಪಲಿ ಬಿಟ್ಟು ಕಾಲು ಜಾರಿ ಬಿದ್ದ ಕತೆ ಹೇಳಿದ್ರು, ಹೊಸ ಪಂಚೆ ಪೂರ್ತಿ ಒದ್ದೆ ಅಂತೆ, ಬಸ್ಸಲ್ಲಿ ಉಡುಪಿ ತನಕ ನಿಂತೇ ಬಂದದ್ದಂತೆ. ಎರಡು ವರ್ಷದಲ್ಲಿ ಅಪ್ಪನ ಬಗ್ಗೆ ನಗ್ತಾ ಮಾತಾಡಿದ್ದು ನಾನು ನೋಡಿದ್ದು ಇದೇ ಮೊದ್ಲು.

ಮಾರಿಗುಡಿ ಬೀದಿಯವ್ರೇ, ಪರ್ಯಾಯ ಮುಗಿದ ಮೇಲೆ ಫೆಬ್ರವರಿಯಲ್ಲಿ ಮುಂಡಗೋಡಿಗೆ ಹೊರಡುದಾ ಅಂತ ಅಮ್ಮ ಕೇಳ್ತಿದ್ದಾರೆ. ಆಗಲೂ ಟೊಪ್ಪಿ ಬೇಕಾ?


ಮಾರಿಗುಡಿ_ಬೀದಿ (ಶಿರಸಿ)

ಬೆಳಗಾಮುಂಚೆ ಏಳ್ತ್ರಿ ಅಂದ್ರೆ ಬೇಕೇ ಬೇಕು. ಲೋಸಾರ್ ಅಂತ ಅವ್ರ ಹೊಸ ವರ್ಷ ಸುಮಾರಿಗೆ ಫೆಬ್ರವರಿ ಮಾರ್ಚಲ್ಲೇ ಬರ್ತು, ಆ ವಾರ ಗದ್ದಲ ಇರ್ತು, ದಿನ ನೋಡ್ಕಂಡು ಹೊರಡಿ. ಶಿರಸಿ ಮುಟ್ಟಿದ ಮೇಲೆ ಒಂದು ಮೆಸೇಜ್ ಹಾಕಿ, ತೊಡದೇವು ಕಟ್ಸಿ ಇಡ್ತೆ.